ಶಾನುಭೋಗರ ಪೆಟ್ಟಿಗೆ

ವಸಂತಪುರ ಈಗ ಬೆಂಗಳೂರಿನ ಒಂದು ಬಡಾವಣೆ. ಕನಕಪುರ ರಸ್ತೆಗೆ 2021ರ ಜನವರಿಯಲ್ಲಿ ಮೆಟ್ರೋ ಬಂದ ಮೇಲಂತೂ ಇದನ್ನು ಹಳ್ಳಿ ಎಂದರೆ ಯಾರೂ ನಂಬುವುದಿಲ್ಲ. ಆದರೆ ಸರ್ಕಾರದ ಭೂದಾಖಲೆಯಲ್ಲಿ ಇದು ಇಂದಿಗೂ ಹಳ್ಳಿಯೇ: ಬೆಂಗಳೂರು ದಕ್ಷಿಣ ತಾಲ್ಲೂಕು, ಉತ್ತರಹಳ್ಳಿ ಹೋಬಳಿ, ವಸಂತಪುರ ಗ್ರಾಮ. (ರಾಮನಗರ ಜಿಲ್ಲೆಗೂ 2025ರಲ್ಲಿ ಬೆಂಗಳೂರು ದಕ್ಷಿಣ ಎಂದೇ ಹೆಸರಿಟ್ಟದ್ದರಿಂದ, ಹೊಸಬರು ತಾಲ್ಲೂಕು ಯಾವುದು ಜಿಲ್ಲೆ ಯಾವುದು ಎಂದು ತಡಕಾಡುವುದು ಬೇರೆ ಮಾತು.) ವಸಂತ ವಲ್ಲಭರಾಯಸ್ವಾಮಿಯ ಹಳೆಯ ಗುಡಿಯನ್ನು ಬಿಟ್ಟರೆ ಹಳ್ಳಿಯ ಗುರುತು ಉಳಿದಿರುವುದು ಸರ್ವೆ ನಂಬರುಗಳಲ್ಲಿ. ಇಲ್ಲಿ ಮೂವತ್ತು ನಲವತ್ತರ ಸೈಟು ಕೊಂಡವರ ಕ್ರಯಪತ್ರವೂ ಯಾವುದೋ ಒಬ್ಬ ರೈತನ ಸರ್ವೆ ನಂಬರಿನಿಂದಲೇ ಶುರುವಾಗುತ್ತದೆ. ಆ ರೈತ ಯಾರು, ಅವನ ತಂದೆ ಯಾರು, ಜಮೀನಿನ ಮೇಲೆ ಸಾಲವೆಷ್ಟಿತ್ತು ಎಂಬುದನ್ನು ಹಿಂದೆ ತಿಳಿಯಬೇಕಾಗಿದ್ದರೆ ಹೋಗಬೇಕಾದ ಮನೆ ಒಂದೇ. ಅದು ಶಾನುಭೋಗರ ಮನೆ.

ಶಾನುಭೋಗಿಕೆ ವಂಶಪಾರಂಪರ್ಯದ ಹುದ್ದೆ. ಊರಿನ ಲೆಕ್ಕವೆಲ್ಲ ಅವರದು. ಬಹಳ ಹಿಂದೆ ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಮಡಿಸಿ, ಬಳಪದಲ್ಲಿ ಬರೆಯುವುದು. ಆಮೇಲೆ ಕಾಗದದ ಪುಸ್ತಕಗಳು ಬಂದವು. ಪುಸ್ತಕ ಬದಲಾದರೂ ಅದನ್ನಿಡುವ ಪೆಟ್ಟಿಗೆ ಬದಲಾಗಲಿಲ್ಲ, ಪೆಟ್ಟಿಗೆಯ ಬೀಗದ ಕೈ ಇದ್ದ ಸೊಂಟವೂ ಬದಲಾಗಲಿಲ್ಲ. ರೈತನಿಗೆ ತನ್ನ ಜಮೀನಿನ ವಿಷಯ ತನಗೇ ಬೇಕಾದರೆ ಜಗುಲಿಯಲ್ಲಿ ಕಾಯಬೇಕು, ಇವತ್ತು ನಾಳೆ ಎನಿಸಿಕೊಳ್ಳಬೇಕು, ಬರುವಾಗ ಬರಿಗೈಯಲ್ಲಿ ಬರಬಾರದು. ಸತ್ತವರ ಹೆಸರು ಹಾಗೇ ಉಳಿಯುವುದು, ಬದುಕಿದ್ದವರ ಹೆಸರು ಮಾಯವಾಗುವುದು ಹೊಸ ಸಂಗತಿಯೇನಲ್ಲ. ಒಳ್ಳೆಯ ಶಾನುಭೋಗರೂ ಇದ್ದರು. ನಾನು ವ್ಯಕ್ತಿಗಳ ಮಾತಾಡುತ್ತಿಲ್ಲ, ಪೆಟ್ಟಿಗೆಯ ಮಾತಾಡುತ್ತಿದ್ದೇನೆ.

ಗ್ರಾಮ ಹುದ್ದೆಗಳನ್ನು ರದ್ದುಮಾಡುವ ಕಾಯಿದೆ ಆಗಿನ ಮೈಸೂರು ರಾಜ್ಯದಲ್ಲಿ 1961ರಲ್ಲಿ ಆಯಿತು; 1963ರ ಫೆಬ್ರವರಿಯಿಂದ ಜಾರಿಗೆ ಬಂತು. ಶಾನುಭೋಗರ ಜಾಗಕ್ಕೆ ಸರ್ಕಾರದ ಸಂಬಳದ ಗ್ರಾಮಲೆಕ್ಕಿಗರು ಬಂದರು. ಆದರೂ ಪುಸ್ತಕ ಒಬ್ಬರ ಕೈಯಲ್ಲೇ ಉಳಿಯಿತು. ಅದನ್ನು ಕಿತ್ತು ಹೊರಗೆ ಹಾಕಿದ್ದು ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಹದಿನೈದು ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಪಹಣಿ ಸಿಗುವಂತಾಯಿತು, ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದಾಯಿತು. ದೇಶವೇ ನೋಡಿ ಮೆಚ್ಚಿದ ಕೆಲಸ ಇದು. ಮೆಚ್ಚಬೇಕಾದದ್ದೇ. ಪಹಣಿಗಾಗಿ ಚಪ್ಪಲಿ ಸವೆಸಿದವರಿಗೆ ಅದರ ಬೆಲೆ ಗೊತ್ತು.

ಆಮೇಲೆ ಕಿಂಡಿಯೂ ಬೇಡವಾಯಿತು. ಪಹಣಿ ಅಂತರಜಾಲಕ್ಕೆ ಬಂತು. ಈಗ ಯಾರು ಬೇಕಾದರೂ, ಎಲ್ಲಿ ಕೂತು ಬೇಕಾದರೂ, ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂದು ಒಂದಾದ ಮೇಲೊಂದು ಒತ್ತಿದರೆ ಸಾಕು. 9ನೇ ಕಾಲಮ್ಮಿನಲ್ಲಿ ಸ್ವಾಧೀನದಾರನ ಹೆಸರು, ತಂದೆಯ ಹೆಸರು. 10ರಲ್ಲಿ ಜಮೀನು ಹೇಗೆ ಬಂತು ಎಂಬುದು: ಪೌತಿಯೋ, ಕ್ರಯವೋ, ವಿಭಾಗವೋ. 11ರಲ್ಲಿ ಋಣಗಳು: ಯಾವ ಬ್ಯಾಂಕಿಗೆ ಎಷ್ಟು ಅಡವು. 12ರಲ್ಲಿ ಬೆಳೆ. ಒಂದು ಸಂಸಾರದ ಸಾವು, ಪಾಲು, ಸಾಲ ಮೂರೂ ಒಂದೇ ಹಾಳೆಯಲ್ಲಿ. ನೋಡುವವನು ರೈತನ ಮಗನೋ, ಬೀಗನೋ, ದಲ್ಲಾಳಿಯೋ ಎಂದು ಕೇಳುವವರಿಲ್ಲ.

ಇದರಿಂದ ಲಾಭ ಯಾರಿಗಾಯಿತು ಎಂದು ಕೇಳಿದವರೂ ಇದ್ದಾರೆ. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಬೆಂಗಳೂರಿನ ಅಂಚಿನ ಹಳ್ಳಿಗಳಲ್ಲಿ ‘ಭೂಮಿ’ಯಿಂದ ಹೆಚ್ಚು ಅನುಕೂಲವಾದದ್ದು ಸಣ್ಣ ರೈತರಿಗಲ್ಲ, ಜಮೀನು ಹುಡುಕಿ ಬರುವ ದೊಡ್ಡ ಕುಳಗಳಿಗೆ ಎಂದು ವಾದಿಸಿತು. ಅದರ ಎಲ್ಲ ಮಾತನ್ನೂ ಒಪ್ಪಬೇಕಾಗಿಲ್ಲ. ಆದರೆ ಕನಕಪುರ ರಸ್ತೆಯ ಎರಡೂ ಕಡೆ ತೋಟಗಳು ಲೇಔಟುಗಳಾದ ವೇಗವನ್ನು ಕಂಡವರು ಅದನ್ನು ಪೂರ್ತಿ ತಳ್ಳಿಹಾಕಲಾರರು. ಯಾರ ಜಮೀನಿನ ಮೇಲೆ ಸಾಲ ಹೆಚ್ಚಿದೆಯೋ ಅವರ ಬಾಗಿಲನ್ನು ಮೊದಲು ತಟ್ಟುವುದು ವ್ಯಾಪಾರದ ಬುದ್ಧಿ. ಬಾಗಿಲು ಯಾವುದೆಂದು ಮೊದಲು ಶಾನುಭೋಗರಿಗೆ ಮಾತ್ರ ಗೊತ್ತಿತ್ತು.

ಹಾಗಾದರೆ ಹಿಂದೆ ಎಲ್ಲವೂ ಗುಟ್ಟಾಗಿತ್ತೇ? ಇಲ್ಲ. ಇದು ಹಲವರಿಗೆ ತಿಳಿಯದ ವಿಷಯ. 1908ರ ನೋಂದಣಿ ಕಾಯಿದೆಯ 57ನೇ ಸೆಕ್ಷನ್ ನೋಡಿ. ಸ್ಥಿರಾಸ್ತಿಯ ಪತ್ರಗಳನ್ನು ದಾಖಲಿಸುವ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದೆಂದು ಅದು ನೂರು ವರ್ಷಕ್ಕೂ ಹಿಂದೆಯೇ ಹೇಳಿದೆ. ಉಯಿಲುಗಳ 3ನೇ ಪುಸ್ತಕಕ್ಕೆ ಮಾತ್ರ ಬೇರೆ ನಿಯಮ: ಬರೆದವನು ಬದುಕಿರುವವರೆಗೆ ನಕಲು ಅವನಿಗೆ ಅಥವಾ ಅವನು ನೇಮಿಸಿದವನಿಗಷ್ಟೆ. ಆಸ್ತಿಯ ವ್ಯವಹಾರ ಬಯಲಲ್ಲಿರಬೇಕು, ಇಲ್ಲದಿದ್ದರೆ ಒಂದೇ ಸೈಟನ್ನು ನಾಲ್ವರಿಗೆ ಮಾರುವವರು ಹುಟ್ಟುತ್ತಾರೆ. ಆದರೆ ಮನುಷ್ಯನ ಕೊನೆಯ ಇಚ್ಛೆ ಅವನದೇ ಆಗಿರಬೇಕು. ಈ ವಿವೇಕ ಆ ಕಾಯಿದೆಯಲ್ಲಿದೆ. ಅದು ಬರೆಯದೆ ಬಿಟ್ಟ ಇನ್ನೊಂದು ಕಾವಲೂ ಇತ್ತು. ನೋಡುವವನು ಸಬ್ ರಿಜಿಸ್ಟ್ರಾರ್ ಕಚೇರಿಗೆ ನಡೆದು ಬರಬೇಕು, ಅರ್ಜಿಯಲ್ಲಿ ತನ್ನ ಹೆಸರು ಬರೆಯಬೇಕು, ಗುಮಾಸ್ತನಿಗೆ ಮುಖ ತೋರಿಸಬೇಕು. ಶಾನುಭೋಗರ ಜಗುಲಿಯಲ್ಲೂ ಹಾಗೆಯೇ. ‘ನಿನ್ನ ಜಮೀನಿನ ವಿಷಯ ಇಂಥವನು ವಿಚಾರಿಸಿಕೊಂಡು ಹೋದ’ ಎಂಬ ಸುದ್ದಿ ಸಂಜೆಯೊಳಗೆ ರೈತನಿಗೆ ಮುಟ್ಟುತ್ತಿತ್ತು. ನೋಡಿದವನನ್ನು ಊರು ನೋಡಿರುತ್ತಿತ್ತು. ಅಂತರಜಾಲ ತೆಗೆದುಹಾಕಿದ್ದು ಬೀಗವನ್ನಲ್ಲ, ಈ ಸಾಕ್ಷಿಯನ್ನು.

ನಮ್ಮ ಪಕ್ಕದ ರಸ್ತೆಯಲ್ಲಿ ಹಿರಿಯರೊಬ್ಬರಿದ್ದಾರೆ. ಯಜಮಾನರು ತೀರಿಕೊಂಡು ಆರು ತಿಂಗಳಾಗಿತ್ತು. ಮನೆಯ ಪಕ್ಕದ ಖಾಲಿ ಸೈಟು ಯಜಮಾನರ ಹೆಸರಿನಲ್ಲಿತ್ತು. ಒಂದು ದಿನ ಗುರುತಿಲ್ಲದವನೊಬ್ಬ ಫೋನು ಮಾಡಿ, ಯಜಮಾನರ ಹೆಸರು, ಅವರ ತಂದೆಯ ಹೆಸರು, ಸೈಟಿನ ಅಳತೆ, ಸಾಲ ತೀರಿದ ವರ್ಷ ಎಲ್ಲವನ್ನೂ ಒಪ್ಪಿಸಿ, ‘ಮಾರುವ ಯೋಚನೆ ಇದೆಯಾ ಅಮ್ಮಾ?’ ಎಂದು ಕೇಳಿದನಂತೆ. ಬೆದರಿಕೆಯೇನೂ ಇಲ್ಲ, ಮಾತು ಬಹಳ ವಿನಯ. ‘ನಮ್ಮೆಜಮಾನ್ರು ಹೋದದ್ದು ಇವನಿಗೆ ಹೇಗೆ ಗೊತ್ತಾಯ್ತು ಮೇಷ್ಟ್ರೇ?’ ಎಂದು ಅವರು ನನ್ನನ್ನು ಕೇಳಿದರು. ಆಸ್ತಿಯ ವಿವರ ಒಂದು ಕಡೆ, ಫೋನ್ ನಂಬರು ಇನ್ನೊಂದು ಕಡೆ, ಶ್ರದ್ಧಾಂಜಲಿಯ ಚಿತ್ರ ಮತ್ತೊಂದು ಕಡೆ. ಮೂರನ್ನು ಜೋಡಿಸಲು ಅರ್ಧ ಗಂಟೆ ಬೇಡ ಎಂದು ವಿವರಿಸಿದೆ. ಅವರಿಗೆ ಸಮಾಧಾನವಾಗಲಿಲ್ಲ. ರಾತ್ರಿ ಗೇಟಿಗೆ ಎರಡನೇ ಬೀಗ ಹಾಕತೊಡಗಿದರು.

ಇದಕ್ಕಿಂತ ಹೆಚ್ಚಿನದು ನಡೆದದ್ದು ಕರಾವಳಿಯಲ್ಲಿ. ಹೆಬ್ಬೆಟ್ಟಿನ ಕಥೆ ನಮ್ಮ ದೇಶದಲ್ಲಿ ಹಳೆಯದು. ಬಂಗಾಳದ ಜಂಗೀಪುರದಲ್ಲಿ 1858ರಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ಕೊಟ್ಟ ಮಾತಿಗೆ ತಪ್ಪದಿರಲಿ ಎಂದು ಗುತ್ತಿಗೆದಾರನೊಬ್ಬನ ಅಂಗೈಯ ಗುರುತನ್ನು ಕರಾರುಪತ್ರಕ್ಕೆ ಒತ್ತಿಸಿಕೊಂಡ. ಸಹಿಯನ್ನು ಯಾರಾದರೂ ನಕಲು ಮಾಡಬಹುದು, ಬೆರಳನ್ನು ಮಾಡಲಾಗದು ಎಂಬ ನಂಬಿಕೆ ಅಲ್ಲಿಂದ ಬೆಳೆಯಿತು. ಸಹಿ ಬಲ್ಲವರೂ ನೋಂದಣಿಯ ಹೊತ್ತಿಗೆ ಹೆಬ್ಬೆಟ್ಟು ಒತ್ತುವುದು ಈ ನಂಬಿಕೆಯಿಂದಲೇ. ನಮ್ಮ ರಾಜ್ಯದಲ್ಲಿ ನೋಂದಣಿಗೆ ‘ಕಾವೇರಿ 2.0’ ಎಂಬ ಹೊಸ ವ್ಯವಸ್ಥೆ ಬಂದದ್ದು 2023ರಲ್ಲಿ. ಅದೇ ವರ್ಷ ಮಂಗಳೂರು ಸೀಮೆಯಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಬ್ಯಾಂಕ್ ಖಾತೆಯಿಂದ ಹಣ ಹೋಗತೊಡಗಿತು. ಒ.ಟಿ.ಪಿ. ಬರಲಿಲ್ಲ, ಯಾರೂ ಫೋನು ಮಾಡಿ ಕೇಳಲಿಲ್ಲ. ಪೊಲೀಸರು ಬಿಹಾರದ ಕಡೆಯ ಕೆಲವರನ್ನು ಬಂಧಿಸಿದ ಮೇಲೆ ಹೇಳಿದ್ದು ಇದು: ಅಂತರಜಾಲದಿಂದ ನೋಂದಣಿ ಪತ್ರಗಳನ್ನು ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟಿನ ಅಚ್ಚು ತೆಗೆದು, ಆಧಾರ್ ಸಂಖ್ಯೆಯೊಂದಿಗೆ ಸೇರಿಸಿ ಹಣ ಎತ್ತಿದ್ದರು. ಹಳ್ಳಿಯವರು ಬ್ಯಾಂಕಿಗೆ ದೂರ ನಡೆಯದೆ ಬೆರಳು ಒತ್ತಿ ಹಣ ಪಡೆಯಲಿ ಎಂದು ಮಾಡಿದ ಏರ್ಪಾಡು ಅದು. ಒಮ್ಮೆಗೆ ಹತ್ತು ಸಾವಿರದವರೆಗೆ ತೆಗೆಯಬಹುದು. ಸರ್ಕಾರ ಆಮೇಲೆ ಪತ್ರಗಳಲ್ಲಿ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಮರೆಮಾಡುವ ಕ್ರಮ ಕೈಗೊಂಡಿತು. ಆ ಹೊತ್ತಿಗೆ ಇಳಿಸಿಕೊಂಡವರು ಇಳಿಸಿಕೊಂಡಾಗಿತ್ತು. ಕಳೆದ ಪಾಸ್‌ವರ್ಡ್ ಬದಲಿಸಬಹುದು. ಹೆಬ್ಬೆರಳನ್ನು ಹೇಗೆ ಬದಲಿಸುವುದು?

ಮತದಾರರ ಪಟ್ಟಿಯ ಕಥೆಯೂ ಇದೇ ಜಾತಿಯದು. ಸ್ವತಂತ್ರ ಭಾರತದ ಮೊದಲ ಮಹಾ ಚುನಾವಣೆಯ ಹೊತ್ತಿಗೆ, ಮುಖ್ಯವಾಗಿ ಉತ್ತರದ ಪ್ರಾಂತಗಳಲ್ಲಿ, ಲಕ್ಷಾಂತರ ಹೆಂಗಸರು ಅಪರಿಚಿತನಿಗೆ ತಮ್ಮ ಹೆಸರು ಹೇಳಲು ಒಪ್ಪದೆ ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಸೇನ್ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ, ಹೆಸರಿಲ್ಲದೆ ಮತವಿಲ್ಲ. ಆದರೆ ಆ ಹೆಂಗಸರ ಅಳುಕು ಬರೀ ಅಜ್ಞಾನವೆಂದು ಈಗ ಹೇಳಲಾರೆ. ಇಂದು ಪಟ್ಟಿಯಲ್ಲಿ ಮನೆ ನಂಬರು, ಹೆಸರು, ವಯಸ್ಸು, ತಂದೆಯದೋ ಗಂಡನದೋ ಹೆಸರು ಇರುತ್ತದೆ. ಶಾಲೆಯ ಗೋಡೆಗೆ ಅಂಟಿಸುತ್ತಿದ್ದುದು ಈಗ ಯಾರ ಮೊಬೈಲಿಗಾದರೂ ಬರುತ್ತದೆ. ಯಂತ್ರದಿಂದ ಹುಡುಕಲು ಕಷ್ಟವಾಗಲಿ ಎಂದು ಆಯೋಗ 2018ರಲ್ಲಿ ಪಟ್ಟಿಯನ್ನು ಚಿತ್ರರೂಪದಲ್ಲಿ ಪ್ರಕಟಿಸತೊಡಗಿತು. ಚಿತ್ರವನ್ನು ಓದುವ ಯಂತ್ರಗಳು ಬರಲು ತಡವಾಗಲಿಲ್ಲ.

2020ರ ಮಾರ್ಚಿನಲ್ಲಿ, ಕೊರೋನಾದ ಮೊದಲ ದಿನಗಳಲ್ಲಿ, ವಿದೇಶದಿಂದ ಬಂದು ಮನೆಯಲ್ಲೇ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರ್ಕಾರವೇ ಪ್ರಕಟಿಸಿತು. ಹೆಸರಿರಲಿಲ್ಲ, ಮನೆ ನಂಬರಿತ್ತು. ವಾಟ್ಸ್ಯಾಪಿನಲ್ಲಿ ಅದು ಓಡಾಡಿತು. ಮನೆ ನಂಬರು ಸಿಕ್ಕ ಬೀದಿಗೆ ಹೆಸರು ಬೇರೆ ಬೇಕೆ?

ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಗೆ ಹೆಸರಾದವರು ನಮ್ಮ ಬೆಂಗಳೂರಿನವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ ತಿಂಗಳು ಬೆಂಗಳೂರಿನಲ್ಲಿ ಇ-ಖಾತೆಯ ಗದ್ದಲ ನಡೆದಿತ್ತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಆಸ್ತಿಗಳ ಕರಡು ಖಾತೆಗಳನ್ನು ಪಾಲಿಕೆ ಅಂತರಜಾಲದಲ್ಲಿ ಇಟ್ಟು, ನಿಮ್ಮದನ್ನು ಹುಡುಕಿಕೊಳ್ಳಿ ಎಂದಿತ್ತು.

ತೀರ್ಪಿನ ಬೆನ್ನಿಗೆ ಕಾಯಿದೆಯೂ ಬಂತು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆಯಲ್ಲಿ ಎರಡು ಸಂಗತಿ ಗಮನಿಸಬೇಕು. ಕಾನೂನಿನ ಪ್ರಕಾರ ಸಾರ್ವಜನಿಕಗೊಳಿಸಬೇಕಾದ ಮಾಹಿತಿಗೆ ಅದು ಅನ್ವಯಿಸುವುದೇ ಇಲ್ಲ. ಇನ್ನೊಂದು, ಮಾಹಿತಿ ಹಕ್ಕು ಕಾಯಿದೆಯ 8(1)(ಜೆ) ಕಲಮನ್ನು ಅದು ತಿದ್ದಿತು. ಹಿಂದೆ ಅಧಿಕಾರಿಯ ವೈಯಕ್ತಿಕ ವಿಷಯವಾದರೂ ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸಿದ್ದರೆ ಕೊಡಬೇಕಿತ್ತು. ಈಗ ‘ವೈಯಕ್ತಿಕ ಮಾಹಿತಿ’ ಎಂದಷ್ಟೇ ಹೇಳಿ ನಿರಾಕರಿಸಬಹುದು. ಸಾರ್ವಜನಿಕ ಹಿತದ ಕಾರಣಕ್ಕೆ ಕೊಡಬಹುದೆಂಬ 8(2) ಉಳಿದಿದೆ, ಆದರೆ ಅದನ್ನು ತೀರ್ಮಾನಿಸುವುದು ಕೊಡಬೇಕಾದ ಕಚೇರಿಯೇ. ಈ ತಿದ್ದುಪಡಿ ಜಾರಿಗೆ ಬಂದದ್ದು 2025ರ ನವೆಂಬರಿನಲ್ಲಿ. ಪಹಣಿ ಬರೆಯುವವರ ವಿಷಯ ಹೀಗೆ ಪೆಟ್ಟಿಗೆಯೊಳಕ್ಕೆ ಹೋಯಿತು. ಪಹಣಿಯಲ್ಲಿ ಇರುವವರ ಹೆಸರು, ತಂದೆಯ ಹೆಸರು, 11ನೇ ಕಾಲಮ್ಮಿನ ಸಾಲ ಮೊದಲಿನ ಹಾಗೆಯೇ ಹೊರಗಿವೆ. ಯಾರು ಬಂದು ನೋಡಿಕೊಂಡು ಹೋದರು ಎಂಬುದನ್ನು ವಸಂತಪುರದ ರೈತನಿಗೆ ತಿಳಿಸುವವರು ಯಾರೂ ಇಲ್ಲ.