ಇಟ್ಟಿಗೆಯಿಲ್ಲದ ಲೆಗೊ: ಕಂಪ್ಯೂಟರಿನಲ್ಲಿ ಆಟಿಕೆ ಕಟ್ಟುವ ಎಲ್‌ಡ್ರಾ ಬಳಗ

ಲೆಗೊ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದರ ಮೇಲೊಂದು ಒತ್ತಿ ಮನೆ, ಕಾರು, ಸೇತುವೆ ಕಟ್ಟುವ ಆಟ ನಗರದ ಮಕ್ಕಳಿಗೆ ಹೊಸದಲ್ಲ. ಆದರೆ ಕೈಯಲ್ಲಿ ಒಂದೇ ಒಂದು ಇಟ್ಟಿಗೆ ಇಲ್ಲದೆ, ಕಂಪ್ಯೂಟರ್ ಪರದೆಯ ಮೇಲೆಯೇ ಅವನ್ನು ಜೋಡಿಸುವ ಹವ್ಯಾಸಿಗಳ ಬಳಗವೊಂದು ಸುಮಾರು ಮೂರು ದಶಕಗಳಿಂದ ಜಗತ್ತಿನ ಹಲವು ದೇಶಗಳಲ್ಲಿ ಕೆಲಸ ಮಾಡುತ್ತಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಇವರಲ್ಲಿ ಬಹುಪಾಲು ಮಂದಿ ವಯಸ್ಕರು. ಇವರು ಬಳಸುವ ವ್ಯವಸ್ಥೆಯ ಹೆಸರು ಎಲ್‌ಡ್ರಾ. ಲೆಗೊ ಕಂಪನಿ ಹೊರತಂದ ಬಿಡಿಭಾಗಗಳನ್ನು ಒಂದೊಂದಾಗಿ ಅಳೆದು, ಅವುಗಳ ಆಕಾರವನ್ನು ಸಂಖ್ಯೆಗಳಲ್ಲಿ ಬರೆದಿಟ್ಟು, ಯಾರು ಬೇಕಾದರೂ ಉಚಿತವಾಗಿ ಬಳಸುವಂತೆ ಮಾಡಿರುವುದು ಇವರ ಸಾಧನೆ.

ಲೆಗೊ ಕಂಪನಿ ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನದು. ಓಲೆ ಕಿರ್ಕ್ ಕ್ರಿಶ್ಚಿಯನ್‌ಸನ್ ಎಂಬ ಬಡಗಿ 1932ರಲ್ಲಿ ಅದನ್ನು ಆರಂಭಿಸಿದರು. ಇಂದು ನಾವು ಕಾಣುವ ಇಟ್ಟಿಗೆ, ಅಂದರೆ ಮೇಲೆ ಗುಬುಟು, ಒಳಗೆ ಕೊಳವೆ ಇರುವ ರಚನೆಗೆ ಪೇಟೆಂಟ್ ಅರ್ಜಿ ಸಲ್ಲಿಸಿದ್ದು 1958ರ ಜನವರಿ 28ರಂದು. ಅಂದಿನ ಇಟ್ಟಿಗೆಗೆ ಇಂದಿನ ಇಟ್ಟಿಗೆಯೂ ಕೂಡಿಕೊಳ್ಳುತ್ತದೆ. ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಗುಬುಟುಗಳಿರುವ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು ಒಟ್ಟು 91,51,03,765 ಬಗೆಯಲ್ಲಿ ಜೋಡಿಸಬಹುದೆಂದು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಅಳತೆಯಲ್ಲಿನ ಈ ಕಟ್ಟುನಿಟ್ಟೇ ಲೆಗೊವನ್ನು ಕಂಪ್ಯೂಟರಿಗೆ ಇಳಿಸಲು ಅನುಕೂಲವಾದದ್ದು.

ಆಸ್ಟ್ರೇಲಿಯಾದ ಯುವಕ

ಈ ಕೆಲಸಕ್ಕೆ ಮೊದಲಿಟ್ಟವರು ಆಸ್ಟ್ರೇಲಿಯಾದ ಜೇಮ್ಸ್ ಜೆಸಿಮನ್. 1995ರಲ್ಲಿ ಅವರು ಡಾಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ನಡೆಯುವ ಎರಡು ಪುಟ್ಟ ತಂತ್ರಾಂಶಗಳನ್ನು ಬರೆದರು. ಎಲ್‌ಡ್ರಾ ಎಂಬುದು ಮಾದರಿಯನ್ನು ಪರದೆಯ ಮೇಲೆ ಚಿತ್ರಿಸುವಂಥದ್ದು; ಎಲ್‌ಎಡಿಟ್ ಎಂಬುದು ಇಟ್ಟಿಗೆಗಳನ್ನು ಇರಿಸಿ ತೆಗೆಯಲು ನೆರವಾಗುವಂಥದ್ದು. ಇವುಗಳ ಜೊತೆಗೆ ಹಲವಾರು ಬಿಡಿಭಾಗಗಳ ಆಕಾರಗಳನ್ನೂ ಅವರೇ ರೂಪಿಸಿ, ಅಂತರಜಾಲದ ಮೂಲಕ ಎಲ್ಲರಿಗೂ ಉಚಿತವಾಗಿ ಹಂಚಿದರು.

ಎರಡೇ ವರ್ಷ. 1997ರ ಜುಲೈ 25ರಂದು ಜೆಸಿಮನ್ ಕಿರಿಯ ವಯಸ್ಸಿನಲ್ಲೇ ತೀರಿಕೊಂಡರು.

ಒಬ್ಬ ವ್ಯಕ್ತಿ ಬಿಡುವಿನ ವೇಳೆಯಲ್ಲಿ ಬರೆದ ತಂತ್ರಾಂಶ ಅವರೊಂದಿಗೇ ಕೊನೆಗೊಳ್ಳುವುದು ಲೋಕರೂಢಿ. ಇಲ್ಲಿ ಹಾಗಾಗಲಿಲ್ಲ. ಅದಕ್ಕೆ ಅಭಿಮಾನವಷ್ಟೇ ಕಾರಣವಲ್ಲ, ಜೆಸಿಮನ್ ಆಯ್ದುಕೊಂಡ ಬರವಣಿಗೆಯ ವಿಧಾನವೂ ಕಾರಣ. ಅವರ ಕಡತಗಳು ಯಾವ ಗುಟ್ಟೂ ಇಲ್ಲದ ಸಾದಾ ಪಠ್ಯ ಕಡತಗಳು. ನೋಟ್‌ಪ್ಯಾಡ್‌ನಂಥ ಸರಳ ತಂತ್ರಾಂಶದಲ್ಲಿ ತೆರೆದರೂ ಓದಬಹುದು, ತಿದ್ದಬಹುದು. ಹೀಗಾಗಿ ಅವರ ತಂತ್ರಾಂಶ ಹಳತಾದರೂ ಅದೇ ಕಡತಗಳನ್ನು ಓದುವ ಹೊಸ ತಂತ್ರಾಂಶಗಳನ್ನು ಬರೆಯಲು ಇತರರಿಗೆ ತೊಡಕಾಗಲಿಲ್ಲ. ವಿಂಡೋಸ್‌ಗೆ ಎಮ್‌ಎಲ್‌ಕ್ಯಾಡ್, ಮ್ಯಾಕ್‌ಗೆ ಬ್ರಿಕ್‌ಸ್ಮಿತ್, ಮಾದರಿಗಳನ್ನು ತಿರುಗಿಸಿ ನೋಡಲು ಎಲ್‌ಡಿವ್ಯೂ, ಜೋಡಣೆಯ ಕೈಪಿಡಿ ತಯಾರಿಸಲು ಎಲ್‌ಪಬ್ ಹೀಗೆ ಒಂದೊಂದಾಗಿ ಬಂದವು. ಜೆಸಿಮನ್ ಹೆಸರಿನಲ್ಲಿ ಸ್ಮಾರಕ ಪ್ರಶಸ್ತಿಯೊಂದನ್ನೂ ಬಳಗ ಸ್ಥಾಪಿಸಿತು.

ಒಂದು ಸಾಲು, ಒಂದು ಇಟ್ಟಿಗೆ

ಎಲ್‌ಡ್ರಾ ಕಡತ ಹೇಗಿರುತ್ತದೆ? ಪ್ರತಿಯೊಂದು ಸಾಲೂ ಒಂದು ಆದೇಶ. ಸಾಲಿನ ಮೊದಲ ಅಂಕಿ ಆ ಸಾಲು ಎಂಥದ್ದು ಎಂಬುದನ್ನು ಹೇಳುತ್ತದೆ. 0 ಎಂದಿದ್ದರೆ ಟಿಪ್ಪಣಿ ಅಥವಾ ಸೂಚನೆ; 2 ಎಂದರೆ ಗೆರೆ, 3 ಎಂದರೆ ತ್ರಿಭುಜ, 4 ಎಂದರೆ ಚತುರ್ಭುಜ. 1 ಎಂದಿದ್ದರೆ ಬೇರೊಂದು ಕಡತವನ್ನು ಇಲ್ಲಿಗೆ ತಂದಿರಿಸು ಎಂದರ್ಥ. ಕಟ್ಟುವವರು ಹೆಚ್ಚಾಗಿ ಬಳಸುವುದು ಈ ಒಂದನೆಯ ಬಗೆಯನ್ನೇ. ಅದರಲ್ಲಿ ಮೊದಲು ಬಣ್ಣದ ಸಂಖ್ಯೆ, ಬಳಿಕ ಇಟ್ಟಿಗೆ ಇರುವ ಜಾಗವನ್ನು ಹೇಳುವ ಮೂರು ಸಂಖ್ಯೆಗಳು, ಅದು ಯಾವ ಕಡೆಗೆ ತಿರುಗಿದೆ ಎಂದು ಹೇಳುವ ಒಂಬತ್ತು ಸಂಖ್ಯೆಗಳು, ಕೊನೆಗೆ ಬಿಡಿಭಾಗದ ಹೆಸರು. ಕೆಂಪು ಬಣ್ಣಕ್ಕೆ 4, ನೀಲಿಗೆ 1, ಹಸಿರಿಗೆ 2, ಬಿಳಿಗೆ 15. ಎಂಟು ಗುಬುಟುಗಳ ಸಾಮಾನ್ಯ ಇಟ್ಟಿಗೆಯ ಹೆಸರು 3001. ಇದು ಬಳಗ ಕೊಟ್ಟ ಸಂಖ್ಯೆಯಲ್ಲ. ಲೆಗೊ ಭಾಗಗಳ ಒಳಮೈಯಲ್ಲಿ ಅಚ್ಚಿನ ಸಂಖ್ಯೆ ಸಣ್ಣದಾಗಿ ಮೂಡಿರುತ್ತದೆ. ಸಾಧ್ಯವಿರುವೆಡೆಯೆಲ್ಲ ಅದನ್ನೇ ಹೆಸರಾಗಿ ಬಳಸಲಾಗುತ್ತದೆ.

ಅಳತೆಗೆ ಮಿಲಿಮೀಟರಿಲ್ಲ, ಸೆಂಟಿಮೀಟರಿಲ್ಲ. ಎಲ್‌ಡ್ರಾದ್ದೇ ಒಂದು ಮಾನವಿದೆ. ಅದರ ಒಂದು ಘಟಕ ಸುಮಾರು 0.4 ಮಿ.ಮೀ. ಒಂದೇ ಗುಬುಟಿನ ಇಟ್ಟಿಗೆಯ ಅಗಲ 20 ಘಟಕ, ಎತ್ತರ 24 ಘಟಕ. ಅದರ ಮೂರನೇ ಒಂದು ಭಾಗದಷ್ಟು ತೆಳ್ಳಗಿನ ಪ್ಲೇಟಿನ ಎತ್ತರ 8 ಘಟಕ. ಮಿಲಿಮೀಟರಿನಲ್ಲಿ 8, 9.6, 3.2 ಎಂದು ಬರುವ ಅಳತೆಗಳು ಇಲ್ಲಿ ಪೂರ್ಣಾಂಕಗಳಾಗುವುದರಿಂದ ಬಾಯಿಲೆಕ್ಕದಲ್ಲೇ ಕಟ್ಟಡ ಏರಿಸಬಹುದು. ಹೊಸಬರು ಎಡವುವುದು ಒಂದೇ ಕಡೆ: ಎಲ್‌ಡ್ರಾದಲ್ಲಿ ಮೇಲಕ್ಕೆ ಹೋದಂತೆ ಸಂಖ್ಯೆ ಇಳಿಯುತ್ತದೆ. ಒಂದರ ಮೇಲೆ ಇನ್ನೊಂದು ಇಟ್ಟಿಗೆ ಇಡಬೇಕಾದರೆ ಮೈನಸ್ 24 ಎಂದು ಬರೆಯಬೇಕು.

ನಿಜವಾದ ಒಂಟಿ ಇಟ್ಟಿಗೆಯ ಅಗಲ 8 ಮಿ.ಮೀ.ಗಿಂತ ಕೂದಲೆಳೆಯಷ್ಟು ಕಡಿಮೆ ಇರುತ್ತದೆ; ಪಕ್ಕಪಕ್ಕದ ಇಟ್ಟಿಗೆಗಳು ಒಂದಕ್ಕೊಂದು ಉಜ್ಜದಿರಲೆಂದು ಬಿಟ್ಟ ಸಂದು ಅದು. ಎಲ್‌ಡ್ರಾ ಈ ಸಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಒಂದೇ ಬಣ್ಣದ ಇಟ್ಟಿಗೆಗಳ ಗೋಡೆ ಪರದೆಯ ಮೇಲೆ ಗಾರೆ ಬಳಿದ ಗೋಡೆಯಂತೆ ಕಾಣಬೇಕಿತ್ತು. ಅದನ್ನು ತಪ್ಪಿಸುವುದು ಅಂಚಿನ ಗೆರೆಗಳು. ಪ್ರತಿ ಭಾಗದ ಅಂಚುಗಳನ್ನೂ ಗೆರೆಯಾಗಿ ಬರೆಯುವುದರಿಂದ ಚಿತ್ರ ಲೆಗೊ ಡಬ್ಬದೊಳಗಿನ ಕೈಪಿಡಿಯ ಚಿತ್ರದಂತೆಯೇ ಸ್ಪಷ್ಟವಾಗಿ ಕಾಣುತ್ತದೆ. ಕೊಳವೆಯಂಥ ದುಂಡು ವಸ್ತುಗಳಿಗಾಗಿ ಐದನೆಯ ಬಗೆಯ ಸಾಲಿದೆ. ಇದು ನೋಡುವ ಕೋನಕ್ಕೆ ತಕ್ಕಂತೆ ಮೂಡಿ ಮರೆಯಾಗುವ ಗೆರೆ. ಮಾದರಿಯನ್ನು ತಿರುಗಿಸಿದರೆ ಕೊಳವೆಯ ಹೊರಗೆರೆಯೂ ಜೊತೆಗೇ ಸರಿಯುತ್ತದೆ. ನೋಡುವವರಿಗೆ ಗಮನಕ್ಕೂ ಬಾರದ ಈ ಗೆರೆಗಳನ್ನು ಬರೆಯುವುದೇ ಭಾಗ ರೂಪಿಸುವವರ ದೊಡ್ಡ ತಲೆನೋವು.

ಭಾಗ ರೂಪಿಸುವವರು

ಈ ಹವ್ಯಾಸದಲ್ಲಿ ಎರಡು ಪಂಗಡಗಳಿವೆ ಎನ್ನಬಹುದು. ಇರುವ ಭಾಗಗಳನ್ನು ಜೋಡಿಸುವವರು ಒಂದು ಕಡೆ. ಭಾಗಗಳನ್ನೇ ಮಾಡುವವರು ಇನ್ನೊಂದು ಕಡೆ. ಇವರ ಸಂಖ್ಯೆ ಕಡಿಮೆ, ಶ್ರಮ ಹೆಚ್ಚು. ಹೊಸ ಭಾಗವೊಂದು ಮಾರುಕಟ್ಟೆಗೆ ಬಂದಾಗ ಅದನ್ನು ಕೊಂಡು, ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು, ಆಕಾರವನ್ನು ತ್ರಿಭುಜ, ಚತುರ್ಭುಜಗಳಾಗಿ ಒಡೆಯಬೇಕು. ಗುಬುಟು, ಕೊಳವೆ, ಉಂಗುರ ಮುಂತಾದ ಪದೇಪದೇ ಬರುವ ಆಕಾರಗಳು ಸಿದ್ಧವಾಗಿವೆ. ಅವನ್ನು ಕರೆದುಕೊಂಡರೆ ಸಾಕು. ವೃತ್ತವನ್ನು ಸಾಮಾನ್ಯವಾಗಿ 16 ಬದಿಗಳ ಆಕೃತಿಯಾಗಿ, ಹೆಚ್ಚು ನಯ ಬೇಕಾದೆಡೆ 48 ಬದಿಗಳ ಆಕೃತಿಯಾಗಿ ಬರೆಯುತ್ತಾರೆ. ಚೌಕಾಕಾರದ ಇಟ್ಟಿಗೆ ಸುಲಭ. ಪುಟ್ಟ ಗೊಂಬೆಯ ತಲೆಗೂದಲು, ಕುದುರೆ, ಡೈನೋಸಾರ್ ಇವು ಕಷ್ಟ. ಗೊಂಬೆಯ ಮುಖದ ಮೇಲೆ ಅಚ್ಚಾದ ನಗುವನ್ನೂ ಚಿತ್ರವಾಗಿ ಅಂಟಿಸದೆ ತ್ರಿಭುಜ, ಚತುರ್ಭುಜಗಳಿಂದಲೇ ಮೂಡಿಸುವುದು ಇಲ್ಲಿ ಬಹುಕಾಲದ ವಾಡಿಕೆ.

ಹೀಗೆ ಸಿದ್ಧವಾದ ಭಾಗ ನೇರವಾಗಿ ಸಂಗ್ರಹಕ್ಕೆ ಸೇರುವುದಿಲ್ಲ. ಇತರ ಅನುಭವಿ ಸದಸ್ಯರು ಅದನ್ನು ಪರಿಶೀಲಿಸುತ್ತಾರೆ. ಚತುರ್ಭುಜದ ನಾಲ್ಕು ಮೂಲೆಗಳೂ ಒಂದೇ ಸಮತಲದಲ್ಲಿವೆಯೇ, ಮೇಲ್ಮೈಯಲ್ಲಿ ಬಿರುಕಿದೆಯೇ, ಯಾವ ಮುಖ ಹೊರಗಿನದು ಎಂಬುದು ಸರಿಯಾಗಿ ನಮೂದಾಗಿದೆಯೇ, ಹೆಸರು ನಿಯಮದಂತಿದೆಯೇ ಎಂದೆಲ್ಲ ನೋಡುತ್ತಾರೆ. ದೋಷವಿದ್ದರೆ ಕಡತ ಮರಳುತ್ತದೆ. ಪರಿಶೀಲಿಸುವವರೂ ಹವ್ಯಾಸಿಗಳೇ ಆದ್ದರಿಂದ ಕೆಲವು ಭಾಗಗಳು ವರ್ಷಗಟ್ಟಲೆ 'ಅನಧಿಕೃತ' ಪಟ್ಟಿಯಲ್ಲೇ ಉಳಿದುಬಿಟ್ಟದ್ದುಂಟು. ಕಾಯಲಾರದವರು ಅವನ್ನು ಹಾಗೆಯೇ ಬಳಸುತ್ತಾರೆ. ಸರಕಾರಿ ಕಚೇರಿಯನ್ನು ನೆನಪಿಸುವ ಈ ಬಿಗಿ ಅತಿಯಾಯಿತೆಂಬ ಅಸಮಾಧಾನ ಸಹಜ. ಆದರೆ ಸಾವಿರಾರು ಭಾಗಗಳು, ಪರಸ್ಪರ ಮುಖ ಕಾಣದ ನೂರಾರು ಜನರು ರೂಪಿಸಿದವು, ಪರದೆಯ ಮೇಲೆ ಒಂದಕ್ಕೊಂದು ಕರಾರುವಾಕ್ಕಾಗಿ ಕೂಡುತ್ತಿರುವುದು ಈ ಬಿಗಿಯಿಂದಲೇ.

ಇನ್ನೊಂದು ನಿಯಮ ಹೊರಗಿನವರಿಗೆ ವಿಚಿತ್ರವೆನಿಸಬಹುದು. ಭಾಗವೊಂದರ ಸಂಖ್ಯೆಯನ್ನು ಬದಲಿಸಬೇಕಾಗಿ ಬಂದರೆ ಹಳೆಯ ಸಂಖ್ಯೆಯನ್ನು ಅಳಿಸುವುದಿಲ್ಲ. ಆ ಹೆಸರಿನ ಪುಟ್ಟ ಕಡತವೊಂದು 'ಇಂಥ ಸಂಖ್ಯೆಗೆ ಸ್ಥಳಾಂತರಗೊಂಡಿದೆ' ಎಂಬ ಬರಹದೊಂದಿಗೆ ಉಳಿಯುತ್ತದೆ, ಕೇಳಿದವರನ್ನು ಹೊಸ ವಿಳಾಸಕ್ಕೆ ಕಳುಹಿಸುತ್ತದೆ. ವರ್ಷಗಳ ಹಿಂದೆ ಯಾರೋ ಕಟ್ಟಿಟ್ಟ ಮಾದರಿ ಇಂದೂ ತೆರೆಯಬೇಕೆಂಬುದು ಇದರ ಉದ್ದೇಶ. ಪ್ರತಿ ಕಡತದ ಆರಂಭದಲ್ಲಿ ರೂಪಿಸಿದವರ ಹೆಸರಿರುತ್ತದೆ, ಬಳಿಕ ತಿದ್ದಿದವರ ಹೆಸರೂ ಸೇರುತ್ತದೆ. 3001ರ ಕಡತದಲ್ಲಿ ಇಂದಿಗೂ ಇರುವುದು ಜೇಮ್ಸ್ ಜೆಸಿಮನ್ ಹೆಸರು.

ಹಳೆಯ ಸೆಟ್ಟುಗಳ ದಾಖಲೆ

ಸ್ವಂತ ಕಲ್ಪನೆಯ ಮಾದರಿಗಳ ಜೊತೆಗೆ, ಕಂಪನಿಯೇ ಮಾರಿದ ಸೆಟ್ಟುಗಳನ್ನು ಯಥಾವತ್ತಾಗಿ ಪರದೆಗೆ ಇಳಿಸುವುದೂ ಈ ಬಳಗದ ದೊಡ್ಡ ಕೆಲಸ. ಲೆಗೊ ಸೆಟ್ಟುಗಳು ಸಾಮಾನ್ಯವಾಗಿ ಕೆಲವೇ ವರ್ಷ ಮಾರುಕಟ್ಟೆಯಲ್ಲಿದ್ದು ಮರೆಯಾಗುತ್ತವೆ. ಅನಂತರ ಅವುಗಳ ಬೆಲೆ ಸಂಗ್ರಾಹಕರ ಕೈಯಲ್ಲಿ. 2008ರಲ್ಲಿ ಬಂದ 5,922 ತುಣುಕುಗಳ ತಾಜ್ ಮಹಲ್ ಸೆಟ್ಟು ಇದಕ್ಕೆ ಹೆಸರಾದ ಉದಾಹರಣೆ. ಉತ್ಪಾದನೆ ನಿಂತ ಮೇಲೆ ಅದರ ಬೆಲೆ ಗಗನಕ್ಕೇರಿತ್ತು, 2017ರಲ್ಲಿ ಕಂಪನಿ ಅದನ್ನು ಮತ್ತೆ ಹೊರತಂದಿತು. ಎಲ್‌ಡ್ರಾದಲ್ಲಿ ಇಷ್ಟು ದೊಡ್ಡ ಕಟ್ಟಡವೂ ಸುಮಾರು ಆರು ಸಾವಿರ ಸಾಲುಗಳ ಪಠ್ಯವಷ್ಟೇ. ಒಂದು ಕಾಲದ ಫ್ಲಾಪಿ ಡಿಸ್ಕಿನಲ್ಲೂ ಹಿಡಿಸುವಷ್ಟು.

ಇಂಥ ದಾಖಲೆಯಲ್ಲಿ ಬಣ್ಣವೂ ಮುಖ್ಯ. 2004ರ ಸುಮಾರಿಗೆ ಕಂಪನಿ ತನ್ನ ಬೂದು ಬಣ್ಣವನ್ನು ತುಸು ನೀಲಿ ಛಾಯೆಯತ್ತ ಬದಲಿಸಿತು. ಹಳೆಯ ಬೂದು ಇಟ್ಟಿಗೆಗಳ ರಾಶಿ ಇದ್ದವರು ಸಿಟ್ಟಾದರು, ಏಕೆಂದರೆ ಹೊಸತು ಹಳತಿಗೆ ಹೊಂದುತ್ತಿರಲಿಲ್ಲ. ಎಲ್‌ಡ್ರಾದಲ್ಲಿ ಎರಡಕ್ಕೂ ಬೇರೆ ಬೇರೆ ಸಂಖ್ಯೆಗಳಿವೆ: ಹಳೆಯ ತಿಳಿಬೂದು 7, ಹೊಸತು 71. 2004ಕ್ಕೆ ಮುಂಚಿನ ಸೆಟ್ಟಿಗೆ 71 ಬಳಸಿದರೆ ಅದು ತಪ್ಪೆಂದೇ ಲೆಕ್ಕ.

ಕಂಪನಿಯ ತಂತ್ರಾಂಶ ಬಂತು, ಹೋಯಿತು

2004ರಲ್ಲಿ ಲೆಗೊ ಕಂಪನಿ ತಾನೇ 'ಲೆಗೊ ಡಿಜಿಟಲ್ ಡಿಸೈನರ್' ಎಂಬ ಉಚಿತ ತಂತ್ರಾಂಶ ಬಿಡುಗಡೆ ಮಾಡಿತು. ಬಳಸಲು ಅದು ಬಲು ಸುಲಭ. ಎಲ್‌ಡ್ರಾದ ಹಳೆಯ ತಂತ್ರಾಂಶಗಳಲ್ಲಿ ಇಟ್ಟಿಗೆಯನ್ನು ಗಾಳಿಯಲ್ಲಿ ತೇಲಿಬಿಡಬಹುದು, ಒಂದರೊಳಗೆ ಇನ್ನೊಂದನ್ನು ತೂರಿಸಬಹುದು, ತಡೆಯುವವರಿಲ್ಲ. ಕಂಪನಿಯ ತಂತ್ರಾಂಶದಲ್ಲಿ ಗುಬುಟು ಸರಿಯಾಗಿ ಕೂಡಿದರೆ ಮಾತ್ರ ಇಟ್ಟಿಗೆ ನಿಲ್ಲುತ್ತಿತ್ತು. 2005ರಲ್ಲಿ ಆರಂಭವಾದ 'ಲೆಗೊ ಫ್ಯಾಕ್ಟರಿ' ಸೇವೆಯಲ್ಲಂತೂ ಪರದೆಯ ಮೇಲೆ ಕಟ್ಟಿದ್ದಕ್ಕೆ ಬೇಕಾದ ನಿಜವಾದ ಇಟ್ಟಿಗೆಗಳನ್ನು ಹಣ ಕೊಟ್ಟು ತರಿಸಿಕೊಳ್ಳಬಹುದಿತ್ತು. ಇಷ್ಟಾದ ಮೇಲೆ ಹವ್ಯಾಸಿಗಳ ಎಲ್‌ಡ್ರಾ ಯಾರಿಗೆ ಬೇಕು ಎಂಬ ಪ್ರಶ್ನೆ ಏಳುವುದು ಸಹಜವೇ ಆಗಿತ್ತು.

ಆದದ್ದು ಬೇರೆ. ಹೆಸರು ಬದಲಿಸಿಕೊಂಡಿದ್ದ ಆ ಸೇವೆ 2012ರಲ್ಲಿ ನಿಂತಿತು. ಡಿಜಿಟಲ್ ಡಿಸೈನರ್‌ಗೆ ಹೊಸ ಭಾಗಗಳು ಸೇರುವುದು ಕ್ರಮೇಣ ನಿಂತು, 2022ರ ಜನವರಿಯಲ್ಲಿ ಕಂಪನಿ ಅದರ ಬೆಂಬಲವನ್ನೇ ಕೊನೆಗೊಳಿಸಿತು. ಬದಲಿಗೆ ಕಂಪನಿ ಬಳಕೆದಾರರಿಗೆ ತೋರಿಸಿದ್ದು ಬ್ರಿಕ್‌ಲಿಂಕ್‌ನ 'ಸ್ಟುಡಿಯೋ' ತಂತ್ರಾಂಶವನ್ನು. ಬಿಡಿ ಇಟ್ಟಿಗೆಗಳ ಮಾರಾಟ ತಾಣವಾದ ಬ್ರಿಕ್‌ಲಿಂಕನ್ನು ಲೆಗೊ 2019ರಲ್ಲಿ ಕೊಂಡುಕೊಂಡಿತ್ತು. ಸ್ಟುಡಿಯೋದಲ್ಲಿ ಇಟ್ಟಿಗೆಗಳು ತಾವಾಗಿ ಕೂಡಿಕೊಳ್ಳುತ್ತವೆ, ಒಂದಕ್ಕೊಂದು ತಾಗಿದರೆ ಎಚ್ಚರಿಕೆ ಬರುತ್ತದೆ. ಅದರ ಭಾಗಗಳ ಸಂಗ್ರಹಕ್ಕೆ ತಳಹದಿ ಯಾವುದೆಂದರೆ, ಅದೇ ಎಲ್‌ಡ್ರಾ. ಸಂಗ್ರಹವನ್ನು ಮುಕ್ತ ಪರವಾನಗಿಯಡಿ ಹಂಚಿರುವುದರಿಂದ, ರೂಪಿಸಿದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಲು ಅವಕಾಶವಿದೆ. ದೊಡ್ಡ ಕಂಪನಿಗೂ ಅದೇ ನಿಯಮ.

ಆರಂಭಿಸುವವರಿಗೆ

ಭಾರತದಲ್ಲಿ ಈ ಹವ್ಯಾಸಕ್ಕೆ ಇನ್ನೊಂದು ಆಕರ್ಷಣೆಯೂ ಇದೆ. ಕೇಂದ್ರ ಸರಕಾರ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿತು. ಹೊರದೇಶದಿಂದ ಬರುವ ದೊಡ್ಡ ಸೆಟ್ಟು ಮಧ್ಯಮವರ್ಗದ ಮನೆಗೆ ಹಗುರವಾದ ಖರ್ಚಲ್ಲ. ಪರದೆಯ ಮೇಲಾದರೆ ಎಷ್ಟು ಸಾವಿರ ಇಟ್ಟಿಗೆ ಬಳಸಿದರೂ ಚಿಕ್ಕಾಸು ಕೊಡಬೇಕಿಲ್ಲ.

ಹೊಸಬರು ಸ್ಟುಡಿಯೋದಿಂದ ಆರಂಭಿಸುವುದು ಸುಲಭ. ಹಳೆಯ ಅಥವಾ ಸಾಧಾರಣ ಕಂಪ್ಯೂಟರ್ ಇರುವವರಿಗೆ, ಲಿನಕ್ಸ್ ಬಳಸುವವರಿಗೆ ಲಿಯೋಕ್ಯಾಡ್ ಸೂಕ್ತ. ಎರಡೂ ಉಚಿತ. ಮೊದಲ ಪ್ರಯತ್ನಕ್ಕೆ ಸ್ವಂತ ಕಲ್ಪನೆಗಿಂತ ಮನೆಯಲ್ಲಿರುವ ನಲವತ್ತು ಐವತ್ತು ತುಣುಕುಗಳ ಪುಟ್ಟ ಸೆಟ್ಟನ್ನು ಕೈಪಿಡಿ ನೋಡಿ ಕಟ್ಟುವುದು ಲೇಸು. ಭಾಗಗಳ ಸಂಖ್ಯೆ, ಬಣ್ಣಗಳ ಸಂಖ್ಯೆ ಅಷ್ಟರಲ್ಲೇ ಪರಿಚಯವಾಗುತ್ತವೆ. ಮುಗಿದ ಮಾದರಿಯನ್ನು ಎಲ್‌ಡ್ರಾ ರೂಪದಲ್ಲಿ ಉಳಿಸಿ, ಒಮ್ಮೆ ಸಾದಾ ಪಠ್ಯವಾಗಿ ತೆರೆದು ನೋಡಬೇಕು. ಯಾವುದಾದರೂ ಸಾಲಿನ 4ನ್ನು 1 ಮಾಡಿ ಉಳಿಸಿದರೆ ಕೆಂಪು ಇಟ್ಟಿಗೆ ನೀಲಿಯಾಗುತ್ತದೆ. ಬದಲಿಸಬೇಕಾದದ್ದು ಸಾಲಿನ ಮೊದಲ ಅಂಕಿಯನ್ನಲ್ಲ, ಎರಡನೆಯದನ್ನು. ಮೊದಲನೆಯದನ್ನು 0 ಮಾಡಿದರೆ ಇಟ್ಟಿಗೆಯೇ ಮಾಯ.