ಆಕಾಶದ ಚಿತ್ರಕ್ಕೆ ನೆಲದ ಸಾಕ್ಷಿ

ಊರ ಓಣಿಯಲ್ಲಿ ಸುಣ್ಣದ ಗೆರೆ ಕಂಡರೆ ಹಬ್ಬವೋ ಕಬಡ್ಡಿ ಪಂದ್ಯವೋ ಇರಬೇಕೆಂದು ಭಾವಿಸುವುದು ಸಹಜ. 2020ರಿಂದ ಈಚೆಗೆ ಕರ್ನಾಟಕದ ಹಳ್ಳಿಗಳಲ್ಲಿ ಈ ಗೆರೆಗೆ ಇನ್ನೊಂದು ಅರ್ಥವೂ ಬಂದಿದೆ. ಮನೆಯವರ, ನೆರೆಯವರ ಸಮ್ಮುಖದಲ್ಲಿ ಪ್ರತಿ ಆಸ್ತಿಯ ಎಲ್ಲೆಗೂ ಸುಣ್ಣ ಹಾಕಲಾಗುತ್ತದೆ. ಆಮೇಲೆ ಡ್ರೋನ್ ಮೇಲೇರಿ ಇಡೀ ಊರಿನ ಚಿತ್ರ ತೆಗೆಯುತ್ತದೆ.

ಇದು 2020ರ ಏಪ್ರಿಲ್ 24ರಂದು ಆರಂಭವಾದ ಕೇಂದ್ರದ 'ಸ್ವಾಮಿತ್ವ' ಯೋಜನೆ. ಮೊದಲ ಹಂತಕ್ಕೆ ಆಯ್ಕೆಯಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇದರ ಅಗತ್ಯ ಹುಟ್ಟಿದ್ದು ಒಂದು ಹಳೆಯ ಕೊರತೆಯಿಂದ. ಬ್ರಿಟಿಷರ ಕಾಲದ ಕಂದಾಯ ಮೋಜಣಿಗೆ ಬೇಕಾಗಿದ್ದುದು ಸಾಗುವಳಿ ಭೂಮಿಯ ಲೆಕ್ಕ. 33 ಅಡಿಯ ಸರಪಳಿ ಹಿಡಿದು ಹೊಲಗದ್ದೆಗಳನ್ನು ಅಳೆದರು. ಆ ಸರಪಳಿಯ ಉದ್ದಗಲದ ಚೌಕವೇ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಜನ ವಾಸಿಸುವ ಗ್ರಾಮಠಾಣಾವನ್ನು ಮಾತ್ರ ಸುತ್ತಲಿನ ಎಲ್ಲೆ ಗುರುತಿಸಿ ಒಂದೇ ತುಂಡಾಗಿ ಬಿಟ್ಟರು. ಹೀಗಾಗಿ ಹೊಲಕ್ಕೆ ಪಹಣಿ, ನಕ್ಷೆ ಇರುವ ರೈತನಿಗೆ ತಾನು ಮಲಗುವ ಮನೆಗೆ ಅಳತೆಯ ನಕ್ಷೆ ಇರಲಿಲ್ಲ. ಸಾಲ ಕೇಳುವಾಗ, ಅಣ್ಣತಮ್ಮಂದಿರು ಪಾಲಾಗುವಾಗ ಈ ಕೊರತೆ ಎದುರಿಗೆ ಬಂದು ನಿಲ್ಲುತ್ತಿತ್ತು.

ಚಿತ್ರದಿಂದ ಅಳತೆ ಮಾಡುವ ವಿದ್ಯೆ ಡ್ರೋನ್‌ಗಿಂತ ಬಹಳ ಹಳೆಯದು. 1858ರಲ್ಲಿ ಜರ್ಮನಿಯ ವೆಟ್ಸ್‌ಲಾರ್ ಊರಿನ ದೊಡ್ಡ ಚರ್ಚನ್ನು ಅಳೆಯುತ್ತಿದ್ದ ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಎಂಬ ತರುಣ ವಾಸ್ತುಶಿಲ್ಪಿ ಎತ್ತರದಿಂದ ಬೀಳುವುದರಲ್ಲಿದ್ದು ಕೂದಲೆಳೆಯಲ್ಲಿ ಪಾರಾದ. ಪ್ರಾಣಕ್ಕೆ ಎರವಾಗುವ ಈ ಕೆಲಸವನ್ನು ಛಾಯಾಚಿತ್ರ ಮಾಡಬಾರದೇಕೆ ಎಂಬ ಆಲೋಚನೆ ಅವನಿಗೆ ಹೊಳೆಯಿತು. 1867ರಲ್ಲಿ ಈ ವಿದ್ಯೆಗೆ 'ಫೋಟೋಗ್ರಾಮೆಟ್ರಿ' ಎಂಬ ಹೆಸರೂ ಬಂತು. ಇದರ ತತ್ವ ಸರಳ. ಒಂದೇ ವಸ್ತುವನ್ನು ಎರಡು ಕಣ್ಣುಗಳು ಬೇರೆ ಬೇರೆ ಕೋನದಿಂದ ನೋಡುವುದರಿಂದ ನಮಗೆ ದೂರ ತಿಳಿಯುತ್ತದೆ. ಡ್ರೋನ್ ಕೂಡ ಒಂದರ ಮೇಲೊಂದು ಹಾಯುವಂತೆ ನೂರಾರು ಚಿತ್ರ ತೆಗೆಯುತ್ತದೆ. ಅವುಗಳಲ್ಲಿ ಒಂದೇ ಸ್ಥಳ ಎಲ್ಲೆಲ್ಲಿ ಕಾಣುತ್ತದೆಂದು ಕಂಪ್ಯೂಟರ್ ಹುಡುಕಿ, ಅದರ ಸ್ಥಾನವನ್ನೂ ಎತ್ತರವನ್ನೂ ಲೆಕ್ಕ ಹಾಕುತ್ತದೆ.

ಆದರೆ ಚೆನ್ನಾಗಿ ಕಾಣುವ ಚಿತ್ರವೆಲ್ಲ ಸರಿಯಾದ ನಕ್ಷೆಯಲ್ಲ. ಸಾಮಾನ್ಯ ಡ್ರೋನ್‌ನ ಜಿಪಿಎಸ್ ಕೆಲವು ಮೀಟರ್‌ಗಳಷ್ಟು ತಪ್ಪಬಹುದು. ಆಗ ಮನೆ, ಬೀದಿಗಳು ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡಿದ್ದರೂ ಇಡೀ ನಕ್ಷೆಯೇ ಸರಿದುಹೋಗಿರುತ್ತದೆ. ಕ್ಯಾಮೆರಾ ಮಸೂರದ ಅಲ್ಪ ದೋಷವೂ ಚಿತ್ರದಿಂದ ಚಿತ್ರಕ್ಕೆ ಕೂಡುತ್ತ ಹೋಗಿ, ಸಮತಟ್ಟಾದ ಬಯಲು ಬೋರಲು ಹಾಕಿದ ಬೋಗುಣಿಯಂತೆ ಉಬ್ಬಿ ಕಾಣುವುದುಂಟು. ಇದಕ್ಕೆ ಮದ್ದು ನೆಲದ ಮೇಲೆಯೇ ಇದೆ. ಅದೇ ನಿಯಂತ್ರಣ ಬಿಂದು. ಮೇಲಿನಿಂದ ಸ್ಪಷ್ಟವಾಗಿ ಕಾಣುವ ಗುರುತುಗಳನ್ನು ಪ್ರದೇಶದ ಅಂಚಿನಲ್ಲಿ, ನಡುವೆ, ದಿಬ್ಬದಲ್ಲಿ, ತಗ್ಗಿನಲ್ಲಿ ಹಾಕಿ, ಪ್ರತಿಯೊಂದರ ಸ್ಥಾನವನ್ನು ಉಪಗ್ರಹ ಸಂಕೇತದ ಸೂಕ್ಷ್ಮ ಉಪಕರಣದಿಂದ ಕೆಲವೇ ಸೆಂಟಿಮೀಟರ್ ನಿಖರತೆಯಲ್ಲಿ ಅಳೆಯುತ್ತಾರೆ. ಚಿತ್ರವನ್ನು ಈ ಬಿಂದುಗಳಿಗೆ ಕಟ್ಟಿಹಾಕಲಾಗುತ್ತದೆ. ಇನ್ನೂ ಕೆಲವು ಬಿಂದುಗಳನ್ನು ಲೆಕ್ಕಕ್ಕೆ ಸೇರಿಸದೆ ಬದಿಗಿಟ್ಟು, ನಕ್ಷೆ ಸಿದ್ಧವಾದ ಮೇಲೆ ಅವುಗಳಿಂದ ಅದನ್ನು ಪರೀಕ್ಷಿಸುತ್ತಾರೆ.

ಈ ಎಚ್ಚರಿಕೆಯ ಪಾಠ ಇದೇ ನೆಲದಲ್ಲಿ ಎರಡು ಶತಮಾನಗಳ ಹಿಂದೆ ನಡೆದಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸುಮಾರು 12 ಕಿಲೋಮೀಟರ್ ಉದ್ದದ ಒಂದು ಗೆರೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದ. ಉಕ್ಕು ಬಿಸಿಲಿಗೆ ಹಿಗ್ಗುವುದರಿಂದ ಪಕ್ಕದಲ್ಲಿ ಉಷ್ಣಮಾಪಕ ಇಟ್ಟು ಲೆಕ್ಕ ತಿದ್ದಬೇಕಿತ್ತು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದು ಆಧಾರರೇಖೆ ಅಳೆದು, ಅಲ್ಲಿಂದ ಕೋನಗಳ ಮೂಲಕ ತ್ರಿಕೋನಗಳನ್ನು ಹೆಣೆಯುತ್ತ ಬೆಂಗಳೂರಿನವರೆಗೆ ಬಂದರು. 1804ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಒಂದು ಗೆರೆ ಅಳೆದು ನೋಡಿದಾಗ, ಲೆಕ್ಕಕ್ಕೂ ನೆಲದ ಅಳತೆಗೂ ಇದ್ದ ವ್ಯತ್ಯಾಸ ಕೆಲವೇ ಅಂಗುಲ. ಬದಿಗಿಟ್ಟ ಬಿಂದುವಿನಿಂದ ನಕ್ಷೆಯನ್ನು ಪರೀಕ್ಷಿಸುವುದೂ ಇದೇ ಕ್ರಮ.

ಬಿಂದುಗಳು ಸರಿಯಿದ್ದರೂ ಡ್ರೋನ್‌ಗೆ ಕಾಣದ ಸಂಗತಿಗಳಿವೆ. ಮೇಲಿನಿಂದ ನೋಡುವವರಿಗೆ ಮಾಡು ಕಾಣುತ್ತದೆ, ಅದರಡಿಯ ಗೋಡೆ ಕಾಣುವುದಿಲ್ಲ. ಸೂರು ಗೋಡೆಯಿಂದ ಎರಡು ಅಡಿ ಮುಂದೆ ಚಾಚಿದ್ದರೆ ಎಲ್ಲೆ ಯಾವುದು? ಹುಣಸೆ ಮರದ ನೆರಳಲ್ಲಿ ಮುಚ್ಚಿಹೋದ ಹಿತ್ತಿಲು ಯಾರದು? ಆದ್ದರಿಂದಲೇ ಹಾರಾಟದ ನಂತರ ನಕ್ಷೆಯನ್ನು ಹಳ್ಳಿಗೆ ತಂದು ಸ್ಥಳದಲ್ಲಿ ತಾಳೆ ನೋಡುವುದು, ಆಕ್ಷೇಪಣೆ ಕೇಳುವುದು ಈ ಕ್ರಮದ ಭಾಗವಾಗಿದೆ. ಈ ಹಂತದಲ್ಲಿ ಅವಸರ ಮಾಡಿದರೆ ಹಳೆಯ ಬಾಯಿಮಾತಿನ ಜಗಳಕ್ಕೆ ಹೊಸ ಕಾಗದದ ಬಲ ಬಂದೀತು.

ಉಪಕರಣ ಬದಲಾಗಿದೆ, ನಿಯಮ ಬದಲಾಗಿಲ್ಲ. ಮೊದಲು ನೆಲದ ಮೇಲೆ ಕೆಲವನ್ನು ಖಚಿತವಾಗಿ ಅಳೆಯಬೇಕು, ಉಳಿದುದನ್ನು ಅದಕ್ಕೆ ಹೊಂದಿಸಬೇಕು, ಕೊನೆಗೆ ಮತ್ತೆ ನೆಲಕ್ಕಿಳಿದು ಪರೀಕ್ಷಿಸಬೇಕು. ಡ್ರೋನ್ ಕೆಲವೇ ನಿಮಿಷಗಳಲ್ಲಿ ಊರನ್ನೆಲ್ಲ ನೋಡಿಬಿಡಬಹುದು. ಆದರೆ ಸುಣ್ಣದ ಗೆರೆ ಎಲ್ಲಿ ಬೀಳಬೇಕೆಂದು ಒಪ್ಪಿಕೊಳ್ಳಬೇಕಾದವರು ಅದರ ಎರಡೂ ಬದಿಗೆ ಬಾಳುವ ಜನರೇ.