ರೋಗಶಯ್ಯೆಯ ಬಳಿಯ ಗ್ರಂಥವಾಚನ

ಬ್ರಿಟಿಷರ ಕಾಲದ ಗ್ರಂಥವಾಚನವನ್ನು ಕುರಿತು ವಿಚಾರಮಾಡುವಾಗ ನಾವು ಶಾಲೆ, ಮುದ್ರಣಾಲಯಗಳನ್ನು ಗಮನಿಸುತ್ತೇವೆ, ರೋಗಶಯ್ಯೆಯನ್ನು ಮರೆಯುತ್ತೇವೆ. ಗಾಂಧೀಜಿಯವರ ಆತ್ಮಕಥೆ ಈ ಕೊರತೆಯನ್ನು ತುಂಬಬಲ್ಲ ಸಾಕ್ಷ್ಯವನ್ನು ಒದಗಿಸುತ್ತದೆ.

ಅವರ ತಂದೆ ಕರಮಚಂದರು ಅಸ್ವಸ್ಥರಾಗಿ ಪೋರಬಂದರಿನಲ್ಲಿದ್ದಾಗ, ಬಿಲೇಶ್ವರದ ಲಾಧಾ ಮಹಾರಾಜರು ಪ್ರತಿ ಸಂಜೆಯೂ ತುಲಸೀರಾಮಾಯಣವನ್ನು ಹಾಡಿ ಅರ್ಥ ಹೇಳುತ್ತಿದ್ದರು. ಬಳಿಯಲ್ಲಿ ಕುಳಿತು ಕೇಳುತ್ತಿದ್ದ ಮಗನಿಗೆ ಆಗ ಸುಮಾರು 13 ವರ್ಷ. 1885ರಲ್ಲಿ ತಂದೆ ತೀರಿಕೊಂಡರು. ಮಗನಲ್ಲಿ ರಾಮಾಯಣದ ಭಕ್ತಿ ಉಳಿಯಿತು. 1924ರಲ್ಲಿ 21 ದಿನಗಳ ಉಪವಾಸ ಕೈಗೊಂಡಾಗ ಮದನಮೋಹನ ಮಾಳವೀಯರು ಅವರಿಗೆ ಭಾಗವತದ ಭಾಗಗಳನ್ನು ಓದಿ ಹೇಳಿದರು. ಅಂಥ ಭಕ್ತರ ಬಾಯಿಂದ ಬಾಲ್ಯದಲ್ಲಿಯೇ ಅದನ್ನು ಕೇಳಬೇಕಾಗಿತ್ತೆಂದು ಅವರಿಗೆ ಅನಿಸಿತು.

ರೋಗಿಯ ಸಮಾಧಾನಕ್ಕೆಂದು ಓದಿದುದು ಪಕ್ಕದಲ್ಲಿದ್ದವನಿಗೆ ವಿದ್ಯೆಯಾಯಿತು. ಆದುದರಿಂದ ಓದಿನ ಚರಿತ್ರೆಯಲ್ಲಿ ಅಕ್ಷರಸ್ಥರೊಡನೆ ಕೇಳುಗರನ್ನೂ ನಾವು ಎಣಿಸಬೇಕು.